ಟೈಮ್‌ಲೈನ್ ಮುಂದೆ ಕೂತವರು ಪದೇ ಪದೇ ಕೇಳುವ ಪ್ರಶ್ನೆಗಳು

ವಿಜಯಪುರದಲ್ಲಿ ಸಂಜೆ ಹೊತ್ತು ನಡೆಯುವ ನಮ್ಮ ಎಡಿಟಿಂಗ್ ಕ್ಲಾಸಿಗೆ ಎಲ್ಲ ನಮೂನೆಯ ಮಂದಿ ಬರುತ್ತಾರೆ: ಮದುವೆ ಶೂಟಿಂಗ್ ಮಾಡುವ ಸ್ಟುಡಿಯೊ ಹುಡುಗರು, ಬಾಗಲಕೋಟೆ ಕಡೆಯ ಕಾಮಿಡಿ ವಿಡಿಯೊದವರು, ಪಾಠ ರೆಕಾರ್ಡ್ ಮಾಡಬೇಕೆನ್ನುವ ಮಾಸ್ತರು, ಬೆಳಗಾವಿಯಲ್ಲಿ ಇಂಜಿನಿಯರಿಂಗ್ ಓದುತ್ತಾ ರಜೆಗೆ ಊರಿಗೆ ಬಂದವರು. ಬ್ಯಾಚ್ ಬದಲಾಗುತ್ತದೆ, ಪ್ರಶ್ನೆಗಳು ಮಾತ್ರ ಅವೇ. ಅವರು ಕೇಳಿದ ಮಾತಿನಲ್ಲೇ ಪ್ರಶ್ನೆಗಳನ್ನು ಇಟ್ಟಿದ್ದೇವೆ. ಟೈಮ್‌ಲೈನ್ ಅಂದರೆ ಎಡಿಟಿಂಗ್ ಸಾಫ್ಟ್‌ವೇರಿನಲ್ಲಿ ವಿಡಿಯೊ, ಆಡಿಯೊ ತುಣುಕುಗಳನ್ನು ಸಾಲಾಗಿ ಜೋಡಿಸುವ ಪಟ್ಟಿ. ಎಫೆಕ್ಟುಗಳ ಬಗ್ಗೆ ಇಲ್ಲಿ ಕಡಿಮೆ ಇದೆ, ಶಾಟ್ ಆರಿಸುವುದು ಮತ್ತು ಆಡಿಯೊ ಬಗ್ಗೆ ಜಾಸ್ತಿ ಇದೆ. ಕಲಿಯುವವರು ಎಡವುವುದು ಅಲ್ಲೇ.

ನಾನ್-ಲೀನಿಯರ್ ಎಡಿಟಿಂಗ್ ಅಂದ್ರ ಏನ್ರಿ? ಹಳೇದಕ್ಕ ಇದಕ್ಕ ಏನ್ ಫರಕ್?

ಕ್ಯಾಸೆಟ್ ಕಾಲದಲ್ಲಿ ಎರಡು ವಿ.ಸಿ.ಆರ್. ಇಟ್ಟುಕೊಂಡು, ಒಂದರಲ್ಲಿ ಮೂಲ ಟೇಪ್ ಓಡಿಸಿ, ಬೇಕಾದ ತುಣುಕನ್ನು ಇನ್ನೊಂದರ ಟೇಪಿಗೆ ಒಂದರ ಹಿಂದೊಂದು ಕಾಪಿ ಮಾಡುತ್ತಾ ಹೋಗಬೇಕಿತ್ತು. ಮೊದಲಿನಿಂದ ಕೊನೆವರೆಗೆ ಸಾಲಾಗಿ. ಅಕ್ಕಿಕಾಳು ಹಾಕುವ ಶಾಟ್ ಹತ್ತು ಸೆಕೆಂಡ್ ಹೆಚ್ಚಾಯಿತು ಅಂತ ಆಮೇಲೆ ಅನ್ನಿಸಿದರೆ ಅಲ್ಲಿಂದ ಮುಂದಿನದನ್ನೆಲ್ಲ ಮತ್ತೆ ಜೋಡಿಸಬೇಕು. ಇಲ್ಲವೇ ತಯಾರಾದ ಟೇಪನ್ನೇ ಇನ್ನೊಂದು ಟೇಪಿಗೆ ಇಳಿಸಬೇಕು. ಹಾಗೆ ಇಳಿಸಿದಾಗಲೆಲ್ಲ ಚಿತ್ರ ಇನ್ನಷ್ಟು ಮಸುಕಾಗುತ್ತಿತ್ತು. ಮನೆಯಲ್ಲಿ ಹಳೆಯ ಮದುವೆ ಕ್ಯಾಸೆಟ್ ಇದ್ದರೆ ನೋಡಿ, ಮುಖಗಳ ಅಂಚಿನಲ್ಲಿ ಬಣ್ಣ ಹರಡಿಕೊಂಡಿರುತ್ತದೆ.

ಈಗ ಎಲ್ಲ ದೃಶ್ಯವೂ ಡಿಸ್ಕಿನಲ್ಲಿ ಫೈಲಾಗಿ ಇರುತ್ತದೆ. ಯಾವ ಫೈಲಿನ ಯಾವ ಕ್ಷಣಕ್ಕೆ ಬೇಕಾದರೂ ನೇರವಾಗಿ ಹೋಗಬಹುದು. ಊಟದ ಪಂಕ್ತಿಯನ್ನು ಮೊದಲು ಜೋಡಿಸಿ, ಸುರಿಗೆಯ ನೀರು ಹಾಕುವುದನ್ನು ಆಮೇಲೆ ಅದರ ಮುಂದೆ ತಂದಿಟ್ಟರೂ ಯಾವುದೂ ಹಾಳಾಗುವುದಿಲ್ಲ. ನಾನ್-ಲೀನಿಯರ್ ಅಂದರೆ ಇದೇ. ಈ ವಿಚಾರ ಹೊಸದೇನಲ್ಲ. 1971ರಲ್ಲೇ ಅಮೆರಿಕದಲ್ಲಿ ಸಿ.ಎಂ.ಎಕ್ಸ್. 600 ಎಂಬ ಯಂತ್ರ ಬಂದಿತ್ತು, ಅದೂ ಡಿಸ್ಕಿನಿಂದ ಕಪ್ಪು-ಬಿಳುಪು ಚಿತ್ರವನ್ನು ಮಾತ್ರ ತೋರಿಸುತ್ತಿತ್ತು. 1989ರಲ್ಲಿ ಆವಿಡ್, 1991ರಲ್ಲಿ ಅಡೋಬ್ ಪ್ರೀಮಿಯರ್, 1999ರಲ್ಲಿ ಆ್ಯಪಲ್‌ನ ಫೈನಲ್ ಕಟ್ ಪ್ರೊ ಬಂದವು. ಇವತ್ತು ನಿಮ್ಮ ಮೊಬೈಲಿನಲ್ಲಿರುವ ಎಡಿಟಿಂಗ್ ಆ್ಯಪ್ ಕೂಡ ಇದೇ ವಂಶದ್ದು.

ಟೈಮ್‌ಲೈನ್‌ನಾಗ ಕಟ್ ಮಾಡಿದ್ರ ನನ್ನ ಒರಿಜಿನಲ್ ವಿಡಿಯೊ ಹೋಗ್ತೈತೇನ್ರಿ?

ಇಲ್ಲ. ಇದನ್ನು ಮೊದಲ ದಿನವೇ ತಲೆಗೆ ಹಾಕಿಕೊಂಡರೆ ಭಯ ಅರ್ಧ ಇಳಿಯುತ್ತದೆ. ಪ್ರಾಜೆಕ್ಟ್ ಫೈಲಿನಲ್ಲಿ ವಿಡಿಯೊ ಇರುವುದೇ ಇಲ್ಲ. ‘ಇಂಥ ಫೋಲ್ಡರಿನ ಇಂಥ ಫೈಲ್, ಇಷ್ಟನೇ ಸೆಕೆಂಡಿನಿಂದ ಇಷ್ಟನೇ ಸೆಕೆಂಡಿನವರೆಗೆ’ ಎಂಬ ಸೂಚನೆಗಳಷ್ಟೇ ಇರುತ್ತವೆ. ಮದುವೆ ಜವಳಿಯ ಚೀಟಿ ಕೈಯಲ್ಲಿದ್ದರೂ ಬಟ್ಟೆಗಳೆಲ್ಲ ಅಂಗಡಿಯಲ್ಲೇ ಇರುತ್ತವಲ್ಲ, ಹಾಗೆ.

ಆದ್ದರಿಂದಲೇ ಇನ್ನೊಂದು ಪೇಚು. ಬರೀ ಪ್ರಾಜೆಕ್ಟ್ ಫೈಲನ್ನು ಪೆನ್ ಡ್ರೈವಿನಲ್ಲಿ ಹಾಕಿಕೊಂಡು ಗೆಳೆಯನ ಕಂಪ್ಯೂಟರಿನಲ್ಲಿ ತೆರೆದರೆ ‘ಮೀಡಿಯಾ ಆಫ್‌ಲೈನ್’ ಅಂತ ಕೆಂಪು ಪರದೆ ಬರುತ್ತದೆ. ಫೋಲ್ಡರಿನ ಹೆಸರು ಬದಲಿಸಿದರೂ, ಫೈಲನ್ನು ಬೇರೆ ಡ್ರೈವಿಗೆ ಸರಿಸಿದರೂ ಹೀಗೇ ಆಗುತ್ತದೆ. ಗಾಬರಿ ಬೇಡ, ‘ರೀಲಿಂಕ್’ ಕೊಟ್ಟು ಫೈಲ್ ಎಲ್ಲಿದೆ ಅಂತ ತೋರಿಸಿ. ಫೈಲನ್ನು ಡಿಲೀಟೇ ಮಾಡಿದ್ದರೆ ಮಾತ್ರ ದೇವರೇ ಗತಿ.

ಯಾವ ಸಾಫ್ಟ್‌ವೇರ್ ಕಲೀಬೇಕು?

ನಮ್ಮ ಕ್ಲಾಸಿನಲ್ಲಿ ಅತಿ ಹೆಚ್ಚು ಜಗಳ ಆಗುವುದು ಇದರ ಮೇಲೆ. ನಮ್ಮ ಅಭಿಪ್ರಾಯ ಸರಳ: ಕಾಸು ಕೊಡದೆ ಕಾನೂನುಬದ್ಧವಾಗಿ ಸಿಗುವುದರಲ್ಲಿ ಶುರು ಮಾಡಿ. ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿಯಲ್ಲಿ 3840x2160 ಅಳತೆಯಲ್ಲಿ, ಸೆಕೆಂಡಿಗೆ 60 ಫ್ರೇಮ್ ತನಕ ಎಕ್ಸ್‌ಪೋರ್ಟ್ ಮಾಡಬಹುದು, ವಾಟರ್‌ಮಾರ್ಕ್ ಬೀಳುವುದಿಲ್ಲ. ಕಲಿಯುವವರಿಗೆ ಇದಕ್ಕಿಂತ ಹೆಚ್ಚು ಬೇಕಾಗುವುದೇ ಇಲ್ಲ. ಆದರೆ ಅದು ಭಾರವಾದ ಸಾಫ್ಟ್‌ವೇರ್, ಗ್ರಾಫಿಕ್ಸ್ ಕಾರ್ಡ್ ಬೇಡುತ್ತದೆ. ಲಿನಕ್ಸ್ ಬಳಸುವವರು ಒಂದು ನೆನಪಿಡಿ, ಅಲ್ಲಿ ಉಚಿತ ರಿಸಾಲ್ವ್ ಮೊಬೈಲಿನ ಸಾಮಾನ್ಯ ಎಚ್.264 (ವಿಡಿಯೊವನ್ನು ಕುಗ್ಗಿಸಿ ಇಡುವ ಒಂದು ಪದ್ಧತಿ) ಫೈಲನ್ನು ಓದುವುದಿಲ್ಲ. ಹಳೆಯ ಲ್ಯಾಪ್‌ಟಾಪ್ ಇದ್ದವರಿಗೆ ಕೆಡೆನ್‌ಲೈವ್ ಅಥವಾ ಶಾಟ್‌ಕಟ್ ಸಾಕು, ಎರಡೂ ಮುಕ್ತ ತಂತ್ರಾಂಶಗಳು.

ಸ್ಟುಡಿಯೊದಲ್ಲಿ ‘ಮಿಕ್ಸಿಂಗ್’ (ಎಡಿಟಿಂಗಿಗೆ ಸ್ಟುಡಿಯೊದವರ ಹೆಸರು) ಕೆಲಸಕ್ಕೆ ಸೇರಬೇಕು ಅನ್ನುವವರು ಎಡಿಯಸ್ ಕೂಡ ನೋಡಿಕೊಳ್ಳಬೇಕು. ಮದುವೆ ಕೆಲಸದವರು ಅದನ್ನು ಇನ್ನೂ ಬಿಟ್ಟಿಲ್ಲ. ಪ್ರೀಮಿಯರ್‌ಗೆ ತಿಂಗಳ ಬಾಡಿಗೆ ಕಟ್ಟಬೇಕು. ಫೈನಲ್ ಕಟ್ ಪ್ರೊ ವಿಂಡೋಸ್‌ನಲ್ಲಿ ಬರುವುದಿಲ್ಲ, ಅದು ಆ್ಯಪಲ್ ಯಂತ್ರಗಳಿಗೆ ಮಾತ್ರ.

‘ಕ್ರ್ಯಾಕ್’ ಹಾಕಿಕೊಡುತ್ತೇನೆ ಅನ್ನುವವರಿಂದ ದೂರ ಇರಿ. ಕಳ್ಳತನ ಅನ್ನುವುದು ಒಂದು, ಅದರ ಜೊತೆ ಬರುವ ವೈರಸ್ ಗಿರಾಕಿಯ ಮದುವೆ ಫೂಟೇಜನ್ನೆಲ್ಲ ಲಾಕ್ ಮಾಡಿ ಕೂತರೆ ಹೆಣ್ಣಿನ ಕಡೆಯವರಿಗೆ ಏನು ಹೇಳುತ್ತೀರಿ?

ಒಂದು ಕಲಿತರೆ ಇನ್ನೊಂದು ಬೇಗ ಬರುತ್ತದೆ. ಜೆ, ಕೆ, ಎಲ್ ಕೀಗಳು ಹಿಂದೆ-ನಿಲ್ಲು-ಮುಂದೆ, ಐ ಮತ್ತು ಓ ಶುರು-ಕೊನೆ ಗುರುತು. ಇವು ದೊಡ್ಡ ಸಾಫ್ಟ್‌ವೇರುಗಳಲ್ಲೆಲ್ಲ ಹೆಚ್ಚುಕಡಿಮೆ ಇದೇ ರೀತಿ ಇವೆ. ಕ್ಲಿಪ್ ಕತ್ತರಿಸುವ ಬ್ಲೇಡ್ ಮಾತ್ರ ಪ್ರೀಮಿಯರ್‌ನಲ್ಲಿ ಸಿ, ರಿಸಾಲ್ವ್‌ನಲ್ಲಿ ಬಿ.

ನನ್ನ ಹತ್ರ ಬರೇ ಮೊಬೈಲ್ ಅದ. ನಡೀತದೇನು?

ಧಾರಾಳವಾಗಿ. ಕಟ್ ಮಾಡುವುದು, ಆಡಿಯೊ ಕೂಡಿಸುವುದು, ಹೆಸರು ಹಾಕುವುದು ಎಲ್ಲ ಮೊಬೈಲಿನಲ್ಲೇ ಕಲಿಯಬಹುದು. ಎರಡು ಗಂಟೆಯ ಫೂಟೇಜ್ ಬಂದಾಗ ಕೈ ಸೋಲುತ್ತದೆ, ಆಗ ಲ್ಯಾಪ್‌ಟಾಪ್ ಯೋಚನೆ ಮಾಡಿ.

ಲ್ಯಾಪ್‌ಟಾಪ್ ತಗೊಳ್ಳೋದಾದ್ರ ಏನ್ ನೋಡ್ಬೇಕ್ರಿ?

16 ಜಿ.ಬಿ. ರ್‍ಯಾಮ್, ಎಸ್.ಎಸ್.ಡಿ., ಬೇರೆಯದೇ ಗ್ರಾಫಿಕ್ಸ್ ಕಾರ್ಡ್. ಇಷ್ಟು ಇದ್ದರೆ ನೆಮ್ಮದಿ. 8 ಜಿ.ಬಿ. ಇದ್ದವರೂ ಮಾಡುತ್ತಾರೆ, ಪ್ರಾಕ್ಸಿ ಹಾಕಿಕೊಂಡು. ಪ್ರಾಕ್ಸಿ ಅಂದರೆ ಪ್ರತಿ ಕ್ಲಿಪ್ಪಿಗೂ ಸಣ್ಣ ಅಳತೆಯ ನಕಲು ಮಾಡಿಸಿಕೊಂಡು ಅದರ ಮೇಲೆ ಕೆಲಸ ಮಾಡುವುದು. ಕೊನೆಗೆ ಎಕ್ಸ್‌ಪೋರ್ಟ್ ಮಾಡುವಾಗ ಸಾಫ್ಟ್‌ವೇರ್ ತಾನೇ ಮೂಲ ಫೈಲನ್ನು ಎತ್ತಿಕೊಳ್ಳುತ್ತದೆ.

‘ಫೋನಿನಾಗ ಚಂದ ಓಡೋ ವಿಡಿಯೊ ಟೈಮ್‌ಲೈನ್‌ನಾಗ ಯಾಕ ತಡವರಿಸ್ತೈತಿ’ ಅಂತ ಕೇಳುವವರಿಗೂ ಉತ್ತರ ಇಲ್ಲೇ ಇದೆ. ಎಚ್.264, ಎಚ್.265 ಫೈಲುಗಳಲ್ಲಿ ಪ್ರತಿ ಫ್ರೇಮೂ ಪೂರ್ತಿ ಚಿತ್ರವಾಗಿ ಉಳಿದಿರುವುದಿಲ್ಲ. ಆಗೊಂದು ಈಗೊಂದು ಫ್ರೇಮ್ ಮಾತ್ರ ಪೂರ್ತಿ, ನಡುವಿನವು ‘ಹಿಂದಿನ ಫ್ರೇಮಿಗಿಂತ ಏನು ಬದಲಾಯಿತು’ ಅನ್ನುವ ಲೆಕ್ಕ. ಸಾಲಾಗಿ ಓಡಿಸಲು ಇದು ಸಲೀಸು. ನೀವು ನಡುವೆ ಎಲ್ಲೋ ಜಿಗಿದರೆ ಕಂಪ್ಯೂಟರ್ ಹಿಂದಿನ ಪೂರ್ತಿ ಫ್ರೇಮಿಗೆ ಹೋಗಿ ಅಲ್ಲಿಂದ ಲೆಕ್ಕ ಹಾಕುತ್ತಾ ಬರಬೇಕು. ಎಡಿಟಿಂಗ್ ಅಂದರೆ ದಿನವೆಲ್ಲ ಜಿಗಿಯುವ ಕೆಲಸ ತಾನೇ.

ಜಾಗದ ಲೆಕ್ಕವನ್ನೂ ಬಾಯಿಪಾಠ ಮಾಡಿಕೊಳ್ಳಿ. ಕ್ಯಾಮೆರಾ ಸೆಕೆಂಡಿಗೆ 100 ಮೆಗಾಬಿಟ್ ಬರೆದರೆ ಗಂಟೆಗೆ 45 ಜಿ.ಬಿ. ಎರಡು ಕ್ಯಾಮೆರಾ, ನಾಲ್ಕು ಗಂಟೆಯ ಮದುವೆ ಅಂದರೆ 360 ಜಿ.ಬಿ. ಹಾರ್ಡ್ ಡಿಸ್ಕಿನ ರೇಟನ್ನು ಗಿರಾಕಿಗೆ ಹೇಳುವ ರೇಟಿನಲ್ಲಿ ಮೊದಲೇ ಸೇರಿಸಿ.

ಮೊದಲ ಪ್ರಾಕ್ಟೀಸ್ ಏನ್ ಮಾಡ್ಲಿ?

ನಾವು ಎಲ್ಲರಿಗೂ ಕೊಡುವ ಪಾಠ ಒಂದೇ: ಮನೆಯಲ್ಲಿ ಜೋಳದ ರೊಟ್ಟಿ ಮಾಡುವುದನ್ನು ಶೂಟ್ ಮಾಡಿ, ಒಂದು ನಿಮಿಷಕ್ಕೆ ಇಳಿಸಿಕೊಂಡು ಬನ್ನಿ. ಹಾಡು ಹಾಕುವಂತಿಲ್ಲ, ಟ್ರಾನ್ಸಿಶನ್ (ಒಂದು ಶಾಟಿನಿಂದ ಇನ್ನೊಂದಕ್ಕೆ ದಾಟಿಸುವ ಎಫೆಕ್ಟ್) ಹಾಕುವಂತಿಲ್ಲ, ಮಾತೂ ಇಲ್ಲ.

ಸಸಾರ ಅನ್ನಿಸುತ್ತದೆ, ಮಾಡಿ ನೋಡಿ. ಎಸರು ಕುದಿಯುವುದು, ಹಿಟ್ಟಿಗೆ ಸುರಿಯುವುದು, ನಾದುವುದು, ಮುದ್ದೆ ಹಿಡಿಯುವುದು, ಬಡಿಯುವುದು, ಹಂಚಿಗೆ ಹಾಕುವುದು, ಮೇಲೆ ನೀರು ಸವರುವುದು, ಮಗ್ಗುಲು ಹಾಕುವುದು, ಉಬ್ಬುವುದು. ಇದರಲ್ಲಿ ಯಾವುದು ಎಷ್ಟು ಹೊತ್ತು? ಹೆಚ್ಚಿನವರು ಎಲ್ಲಕ್ಕೂ ಸಮನಾಗಿ ಆರೇಳು ಸೆಕೆಂಡ್ ಹಂಚಿಕೊಂಡು ಬರುತ್ತಾರೆ. ಹಾಗೆ ಮಾಡಿದರೆ ರೊಟ್ಟಿ ಬೆಂದಿರುತ್ತದೆ, ವಿಡಿಯೊ ಬೆಂದಿರುವುದಿಲ್ಲ. ನಾದುವುದು ಎರಡು ಸೆಕೆಂಡಿಗೇ ತಿಳಿಯುತ್ತದೆ. ಬಡಿಯುವುದನ್ನು ಮಾತ್ರ ಬಿಟ್ಟುಕೊಡಬೇಡಿ: ಅಂಗೈ ಬಿದ್ದಾಗಲೆಲ್ಲ ರೊಟ್ಟಿ ಒಂದಿಷ್ಟು ತಿರುಗುತ್ತದೆ, ಬಳೆ ಕಿಣಿ ಅನ್ನುತ್ತದೆ, ಅಂಚು ದೊಡ್ಡದಾಗುತ್ತಾ ಹೋಗುತ್ತದೆ. ಅದನ್ನು ಪೂರ್ತಿ ನೋಡಬೇಕು ಅನ್ನಿಸುವುದು ಸಹಜ.

ಈಗ ಕಟ್. ಕೊಣಮಿಗೆಯಿಂದ ರೊಟ್ಟಿ ಎತ್ತಿ ಹಂಚಿಗೆ ಹಾಕುವ ಜಾಗದಲ್ಲಿ ಎರಡು ಶಾಟ್ ಸೇರುತ್ತವೆ, ಹತ್ತಿರದ್ದೊಂದು, ದೂರದ್ದೊಂದು. ಕೈ ಇನ್ನೂ ಗಾಳಿಯಲ್ಲಿ ಇರುವಾಗಲೇ ಕಟ್ ಮಾಡಿ, ಎರಡನೇ ಶಾಟಿನಲ್ಲಿ ಅದೇ ಕೈ ಅದೇ ಓಟವನ್ನು ಮುಂದುವರಿಸಲಿ. ನೋಡುವವರ ಕಣ್ಣು ಕೈಯ ಹಿಂದೆ ಓಡುತ್ತಿರುತ್ತದೆ, ಕಟ್ ಆದದ್ದೇ ಗೊತ್ತಾಗುವುದಿಲ್ಲ. ರೊಟ್ಟಿ ಹಂಚಿನ ಮೇಲೆ ಕೂತು ಕೈ ನಿಂತ ಮೇಲೆ ಕಟ್ ಮಾಡಿದರೆ ಅದೇ ಕಟ್ ಕಣ್ಣಿಗೆ ಹೊಡೆಯುತ್ತದೆ.

ಕೊನೆಯದಾಗಿ ಆಡಿಯೊ ಮೇಲೆ ಕೈಯಿಡಿ. ಎಸರು ಕುದಿಯುವ ಶಾಟ್ ಇನ್ನೂ ನಡೆಯುತ್ತಿರುವಾಗಲೇ ಬಡಿಯುವ ಸಪ್ಪಳ ಕೇಳಿಸಲಿ, ಆಮೇಲೆ ಚಿತ್ರ ಬರಲಿ. ಇದಕ್ಕೆ ಜೆ-ಕಟ್ ಅನ್ನುತ್ತಾರೆ. ಚಿತ್ರ ಬದಲಾದ ಮೇಲೂ ಹಿಂದಿನ ಸಪ್ಪಳ ಮುಂದುವರಿದರೆ ಎಲ್-ಕಟ್. ಚಿತ್ರವನ್ನೂ ಸಪ್ಪಳವನ್ನೂ ಒಂದೇ ಜಾಗದಲ್ಲಿ ಕತ್ತರಿಸುವ ಚಟ ಹೋದ ದಿನ ನಿಮ್ಮ ಕೆಲಸದಲ್ಲಿ ಕಳೆ ಬರುತ್ತದೆ.

ಒಂದು ಶಾಟ್ ಎಷ್ಟು ಸೆಕೆಂಡ್ ಇರಬೇಕ್ರಿ?

ಲೆಕ್ಕ ಇಲ್ಲ. ಗೋಳಗುಮ್ಮಟದ ಗ್ಯಾಲರಿಯಲ್ಲಿ ನಿಂತು ಚಪ್ಪಾಳೆ ತಟ್ಟುವ ಶಾಟ್ ನೆನಪಿಸಿಕೊಳ್ಳಿ. ರೀಲ್ಸ್ ಮಾಡುವವರು ಚಪ್ಪಾಳೆ ಆದ ಕೂಡಲೇ ಕಟ್ ಮಾಡುತ್ತಾರೆ. ಅಲ್ಲಿ ಹೋದದ್ದೇ ಪ್ರತಿಧ್ವನಿ ಕೇಳುವುದಕ್ಕೆ! ಗುಮ್ಮಟ ಮತ್ತೆ ಮತ್ತೆ ತಿರುಗಿ ಚಪ್ಪಾಳೆ ತಟ್ಟಿ ಮುಗಿಸುವ ತನಕ ಶಾಟ್ ಇರಬೇಕು, ಕೇಳುವವನ ಮುಖ ತೋರಿಸಿದರೆ ಇನ್ನೂ ಒಳ್ಳೆಯದು. ಅದೇ ಗುಮ್ಮಟದ ಹೊರಗಿನ ನೋಟ ಮೂರು ಸೆಕೆಂಡಿಗಿಂತ ಹೆಚ್ಚು ಬೇಡ, ಎಲ್ಲರೂ ನೋಡಿದ್ದಾರೆ. (ಹಾಗೆಯೇ, ಸ್ಮಾರಕದ ಒಳಗೆ ಟ್ರೈಪಾಡ್ ಇಡುವುದಕ್ಕೆ, ಮೇಲೆ ಡ್ರೋನ್ ಹಾರಿಸುವುದಕ್ಕೆ ಮೊದಲೇ ಅನುಮತಿ ಬೇಕು. ಬಾದಾಮಿ, ಪಟ್ಟದಕಲ್ಲು, ಐಹೊಳೆಯಲ್ಲೂ ಅಷ್ಟೇ.)

25, 30, 50, 60... ಯಾವ ಫ್ರೇಮ್ ರೇಟ್ ಇಡ್ಬೇಕು?

ನಮ್ಮ ದೇಶದ ಟಿ.ವಿ. ಪದ್ಧತಿ 25 ಫ್ರೇಮಿನದು, ಕರೆಂಟ್ 50 ಹರ್ಟ್ಸ್. ಕ್ಯಾಮೆರಾದಲ್ಲಿ 25 ಅಥವಾ 50 ಇಟ್ಟು, ಶಟರ್ 1/50 ಅಥವಾ 1/100 ಇಟ್ಟರೆ ಕಲ್ಯಾಣ ಮಂಟಪದ ಟ್ಯೂಬ್‌ಲೈಟ್ ಮಿಣುಕುವುದಿಲ್ಲ. ಆ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ, ಶಟರ್ ಅದಕ್ಕೆ ಹೊಂದದಿದ್ದರೆ ಚಿತ್ರದಲ್ಲಿ ಪಟ್ಟೆಗಳು ಓಡುತ್ತವೆ. ಸ್ಲೋ ಮೋಶನ್ ಬೇಕಾದ ಕಡೆ ಮಾತ್ರ 50 ಇಟ್ಟು ಶೂಟ್ ಮಾಡಿ 25ರ ಟೈಮ್‌ಲೈನಿಗೆ ಹಾಕಿ. ಪ್ರಾಜೆಕ್ಟ್ ಶುರುವಾದ ಮೇಲೆ ಟೈಮ್‌ಲೈನಿನ ಫ್ರೇಮ್ ರೇಟ್ ಬದಲಿಸುವುದು ತ್ರಾಸು, ಮೊದಲೇ ನೋಡಿಕೊಳ್ಳಿ.

ಶುರುವಿನ್ಯಾಗ ಆಡಿಯೊ ಸರಿ ಇರ್ತೈತಿ, ಹೋಗ್ತಾ ಹೋಗ್ತಾ ತುಟಿಗೂ ಮಾತಿಗೂ ತಾಳ ತಪ್ತೈತಿ. ಯಾಕ್ರಿ?

ಮೊಬೈಲಿನಲ್ಲಿ ಶೂಟ್ ಮಾಡಿದ್ದೀರಿ, ಹೌದಲ್ಲ? ಫೋನುಗಳು 30 ಅಂತ ತೋರಿಸಿದರೂ ಬೆಳಕು ಕಡಿಮೆಯಾದಾಗ, ಫೋನ್ ಬಿಸಿಯಾದಾಗ ಫ್ರೇಮ್ ರೇಟನ್ನು ಏರಿಳಿಸುತ್ತವೆ. ಎಡಿಟಿಂಗ್ ಸಾಫ್ಟ್‌ವೇರ್ ಕೆಲವೊಮ್ಮೆ ಅದನ್ನು ಸ್ಥಿರ ಅಂತಲೇ ನಂಬಿಕೊಂಡು ಜೋಡಿಸುತ್ತದೆ. ಆಡಿಯೊ ತನ್ನ ಪಾಡಿಗೆ ಸರಿಯಾಗಿ ನಡೆಯುತ್ತಿರುತ್ತದೆ, ಚಿತ್ರ ಹಿಂದೆ ಮುಂದೆ ಆಗುತ್ತದೆ. ಮದ್ದು: ಹ್ಯಾಂಡ್‌ಬ್ರೇಕ್ ಎಂಬ ಉಚಿತ ತಂತ್ರಾಂಶದಲ್ಲಿ ‘ಕಾನ್‌ಸ್ಟಂಟ್ ಫ್ರೇಮ್ ರೇಟ್’ ಆಯ್ಕೆ ಮಾಡಿ ಫೈಲನ್ನು ಒಮ್ಮೆ ಬದಲಿಸಿಕೊಂಡು, ಆಮೇಲೆ ಎಡಿಟಿಂಗಿಗೆ ತನ್ನಿ.

ಬೇರೆ ರೆಕಾರ್ಡರಿನಲ್ಲಿ ಆಡಿಯೊ ತೆಗೆದುಕೊಂಡವರ ಕಥೆ ಬೇರೆ. ಬನಶಂಕರಿ ಜಾತ್ರೆಯಲ್ಲಿ ಕಂಪನಿ ನಾಟಕ ಶೂಟ್ ಮಾಡುತ್ತೀರಿ ಅಂತಿಟ್ಟುಕೊಳ್ಳಿ. ಎದುರಿಗೊಂದು ಕ್ಯಾಮೆರಾ, ಮಗ್ಗುಲಿಗೊಂದು, ಮೈಕಿನವರ ಮಿಕ್ಸರಿನಿಂದ ಒಂದು ವೈರ್ ರೆಕಾರ್ಡರಿಗೆ. ಮೂರೂ ಓಡಲು ಶುರುವಾದ ಮೇಲೆ ಮೂರಕ್ಕೂ ಕಾಣುವಂತೆ, ಕೇಳುವಂತೆ ಜೋರಾಗಿ ಒಂದು ಚಪ್ಪಾಳೆ ತಟ್ಟಿ. ಟೈಮ್‌ಲೈನಿನಲ್ಲಿ ಮೂರರ ವೇವ್‌ಫಾರ್ಮಿನಲ್ಲೂ (ಸಪ್ಪಳದ ಏರಿಳಿತದ ಗೆರೆಚಿತ್ರ) ಒಂದು ಚೂಪಾದ ಮೊನೆ ಕಾಣುತ್ತದೆ, ಅವನ್ನು ಒಂದೇ ಗೆರೆಗೆ ತಂದರೆ ಮುಗಿಯಿತು. ಸಾಫ್ಟ್‌ವೇರ್ ತಾನೇ ಹೊಂದಿಸುವ ಸೌಲಭ್ಯವೂ ಇದೆ, ಆದರೆ ಕೈಯಾರೆ ಹೊಂದಿಸುವುದು ಗೊತ್ತಿರಬೇಕು. ಕ್ಯಾಮೆರಾದ ಆಡಿಯೊ ಹೇಗೂ ಬೇಡ ಅಂತ ಅದನ್ನು ಆಫ್ ಮಾಡಿಡಬೇಡಿ. ಹೊಂದಿಸುವುದಕ್ಕೆ ಅದೇ ಆಧಾರ.

ನಾಟಕ ಉದ್ದ ಇರುತ್ತದೆ, ಎರಡು ಯಂತ್ರಗಳ ಗಡಿಯಾರ ಒಂದೇ ರೀತಿ ನಡೆಯುವುದಿಲ್ಲ. ಗಂಟೆ ಕಳೆಯುವ ಹೊತ್ತಿಗೆ ಕೆಲವು ಫ್ರೇಮಿನ ವ್ಯತ್ಯಾಸ ಬರಬಹುದು. ಪರದೆ ಬಿದ್ದಾಗ ಆಡಿಯೊ ಕತ್ತರಿಸಿ ಹೊಸ ಅಂಕಕ್ಕೆ ಹೊಸದಾಗಿ ಹೊಂದಿಸಿ, ಯಾರಿಗೂ ಗೊತ್ತಾಗುವುದಿಲ್ಲ. ಇನ್ನೊಂದು ವಿಷಯ, ಫ್ಯಾಟ್32 ಪದ್ಧತಿಯ ಕಾರ್ಡಿನಲ್ಲಿ ಒಂದು ಫೈಲ್ 4 ಜಿ.ಬಿ. ದಾಟುವಂತಿಲ್ಲ. ಸೆಕೆಂಡಿಗೆ 100 ಮೆಗಾಬಿಟ್ ಆದರೆ ಆರು ನಿಮಿಷದೊಳಗೇ ಕ್ಯಾಮೆರಾ ಹೊಸ ಫೈಲ್ ಶುರು ಮಾಡುತ್ತದೆ. ಒಂದು ನಾಟಕಕ್ಕೆ ಇಷ್ಟೊಂದು ಫೈಲ್ ಯಾಕೆ ಅಂತ ಗಾಬರಿಯಾಗಿ ಯಾವುದನ್ನೂ ಅಳಿಸಬೇಡಿ.

ಆಡಿಯೊ ಎಷ್ಟು ಜೋರ್ ಇಡ್ಬೇಕು?

ಮೀಟರಿನಲ್ಲಿ 0 ಡೆಸಿಬಲ್ ಅಂದರೆ ಛಾವಣಿ, ಅದಕ್ಕೆ ತಗುಲಿದ್ದು ಒಡೆದು ಹೋಗುತ್ತದೆ. ಮಾತು -12ರ ಆಸುಪಾಸು ಆಡುತ್ತಾ, ಜೋರಾದಾಗ -6 ಮುಟ್ಟಿದರೆ ಸಾಕು. ಯೂಟ್ಯೂಬ್ ತುಂಬಾ ಜೋರಾದದ್ದನ್ನು -14 ಎಲ್.ಯು.ಎಫ್.ಎಸ್. (ಒಟ್ಟಾರೆ ಎಷ್ಟು ಜೋರು ಕೇಳಿಸುತ್ತದೆ ಅನ್ನುವ ಅಳತೆ) ಹತ್ತಿರಕ್ಕೆ ತಾನೇ ತಗ್ಗಿಸುತ್ತದೆ, ಕಿರುಚಿಸಿ ಲಾಭ ಇಲ್ಲ. ಜಾತ್ರೆಯ ಡಿಜೆ ಮುಂದೆ ನಿಂತು ರೆಕಾರ್ಡ್ ಮಾಡುವಾಗಲೇ ಒಡೆದ ಆಡಿಯೊವನ್ನು ಯಾವ ಸಾಫ್ಟ್‌ವೇರೂ ಪೂರ್ತಿ ಸರಿಮಾಡಲಾರದು. ಪ್ರಾಜೆಕ್ಟ್ 48 ಕಿಲೋಹರ್ಟ್ಸ್ ಇರಲಿ. ಮತ್ತೆ, ಹೆಡ್‌ಫೋನ್ ಹಾಕಿಕೊಳ್ಳಿ! ಲ್ಯಾಪ್‌ಟಾಪಿನ ಸ್ಪೀಕರಿನಲ್ಲಿ ಫ್ಯಾನಿನ ಗುಂಯ್ ಕೇಳಿಸುವುದೇ ಇಲ್ಲ.

ಕನ್ನಡ ಅಕ್ಷರ ಒಡದು ಬರ್ತಾವ. ಒತ್ತಕ್ಷರ ಕೂಡೂದಿಲ್ಲ. ಏನ್ ಮಾಡ್ಬೇಕ್ರಿ?

ಎಲ್ಲಕ್ಕಿಂತ ಹೆಚ್ಚು ಕಣ್ಣೀರು ಹಾಕಿಸುವ ಪ್ರಶ್ನೆ. ‘ಶ್ರೀ ಸಿದ್ಧೇಶ್ವರ ಜಾತ್ರೆ’ ಅಂತ ಟೈಪ್ ಮಾಡಿದರೆ ‘ಸಿದ್‌ಧೇಶ್‌ವರ’ ಅಂತ ಬರುತ್ತದೆ. ಸಂಕ್ರಾಂತಿಯ ದಿನ ಊರೆಲ್ಲ ನೋಡುವ ವಿಡಿಯೊದಲ್ಲಿ ದೇವರ ಹೆಸರೇ ಹೀಗಾದರೆ ಹೇಗೆ?

ಫಾಂಟ್ ಕೆಟ್ಟಿದೆ ಅಂತ ಎಲ್ಲರೂ ಫಾಂಟ್ ಬದಲಿಸುತ್ತಾ ಕೂರುತ್ತಾರೆ. ಹೆಚ್ಚಾಗಿ ತಪ್ಪು ಫಾಂಟಿನದಲ್ಲ. ಯುನಿಕೋಡಿನಲ್ಲಿ ದ, ಹಲಂತ, ಧ ಬೇರೆ ಬೇರೆಯಾಗಿ ಬರೆದಿರುತ್ತವೆ. ಅವನ್ನು ಕೂಡಿಸಿ ‘ದ್ಧ’ ಮಾಡುವುದು ಸಾಫ್ಟ್‌ವೇರಿನ ಅಕ್ಷರ ಜೋಡಿಸುವ ಎಂಜಿನ್ ಕೆಲಸ. ಅದು ರೋಮನ್ ಲಿಪಿಗೆ ಮಾತ್ರ ತಯಾರಾಗಿದ್ದರೆ ಕೂಡಿಸುವುದಿಲ್ಲ. ಪ್ರೀಮಿಯರ್‌ನಲ್ಲಿ ಪ್ರೆಫರೆನ್ಸಸ್ ಒಳಗೆ ಗ್ರಾಫಿಕ್ಸ್ ವಿಭಾಗದಲ್ಲಿ ‘ಸೌತ್ ಏಷಿಯನ್’ ಎಂಬ ಟೆಕ್ಸ್ಟ್ ಎಂಜಿನ್ ಆಯ್ಕೆ ಹುಡುಕಿ ಹಾಕಿ, ಆಮೇಲೆ ಟೈಟಲ್ಲನ್ನು ಹೊಸದಾಗಿ ಮಾಡಿ. ಮೊದಲೇ ಮಾಡಿದ ಟೈಟಲ್ ಹಾಗೇ ಉಳಿಯಬಹುದು. ಫೋಟೋಶಾಪಿನಲ್ಲಾದರೆ ‘ವರ್ಲ್ಡ್-ರೆಡಿ ಲೇಔಟ್’.

ಎಲ್ಲಿಯೂ ಸರಿಬಾರದಿದ್ದರೆ ಎರಡು ದಾರಿ ಇವೆ. ಒಂದು, ಇಂಕ್‌ಸ್ಕೇಪ್‌ನಂಥ ಉಚಿತ ತಂತ್ರಾಂಶದಲ್ಲಿ ಹೆಸರು ಬರೆದು, ಹಿನ್ನೆಲೆ ಇಲ್ಲದ ಪಿ.ಎನ್.ಜಿ. ಚಿತ್ರವಾಗಿ ಉಳಿಸಿ ಟೈಮ್‌ಲೈನಿಗೆ ತರುವುದು. ಅಕ್ಷರ ಚಿತ್ರವಾಗಿಬಿಟ್ಟರೆ ಒಡೆಯುವ ಪ್ರಶ್ನೆ ಇಲ್ಲ. ಎರಡು, ನಮ್ಮ ಡಿಟಿಪಿ ಅಂಗಡಿಯವರ ದಾರಿ: ನುಡಿ ಅಥವಾ ಬರಹದ ಹಳೆಯ ಆಸ್ಕಿ ಫಾಂಟಿನಲ್ಲಿ ಟೈಪ್ ಮಾಡಿ ಅಂಟಿಸುವುದು. ಆ ಫಾಂಟುಗಳಲ್ಲಿ ಒತ್ತಕ್ಷರವೇ ಒಂದು ಬೇರೆ ಚಿಹ್ನೆಯಾಗಿ ಕೂತಿರುವುದರಿಂದ ಯಾವ ಎಂಜಿನ್ನಿನ ಹಂಗೂ ಇಲ್ಲ. ಆದರೆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಮಂತ್ರ ಬರೆದ ಹಾಗೆ ಕಾಣುತ್ತದೆ. ಸಬ್‌ಟೈಟಲ್ ಫೈಲಿಗೆ ಈ ದಾರಿ ಬೇಡ, ಅದು ಯುನಿಕೋಡ್‌ನಲ್ಲೇ ಇರಬೇಕು. ಮೊಬೈಲಿನಲ್ಲಿ ಓದುವವರೇ ಹೆಚ್ಚು, ಹಾಗಾಗಿ ಅಲಂಕಾರದ ಫಾಂಟಿಗಿಂತ ನೋಟೊ ಸ್ಯಾನ್ಸ್ ಕನ್ನಡದಂಥ ಸಾದಾ ಫಾಂಟ್ ಮೇಲು. ಒತ್ತಕ್ಷರ ಕೆಳಗಿನ ಸಾಲಿಗೆ ತಾಗದಂತೆ ಸಾಲುಗಳ ಅಂತರ ಒಂದಿಷ್ಟು ಹೆಚ್ಚಿಸಿ.

ನಾವು ಬೆಳಗಾವಿಯವರು. ಮರಾಠಿ, ಕನ್ನಡ ಎರಡೂ ಸಬ್‌ಟೈಟಲ್ ಹಾಕ್ಬೇಕು.

ಚಿತ್ರದ ಮೇಲೆ ಎರಡೂ ಬರೆಯಬೇಡಿ, ಮುಖವೇ ಕಾಣುವುದಿಲ್ಲ. ಎರಡು ಎಸ್.ಆರ್.ಟಿ. ಫೈಲ್ (ಯಾವ ಮಾತು ಯಾವ ಸಮಯಕ್ಕೆ ಅಂತ ಬರೆದಿಟ್ಟದ್ದು) ಮಾಡಿ ಯೂಟ್ಯೂಬಿಗೆ ಪ್ರತ್ಯೇಕವಾಗಿ ಹಾಕಿ. ನೋಡುವವರು ತಮಗೆ ಬೇಕಾದ್ದನ್ನು ಆರಿಸಿಕೊಳ್ಳುತ್ತಾರೆ. ತಾನೇ ಸಬ್‌ಟೈಟಲ್ ಬರೆಯುವ ಯಂತ್ರಗಳು ಬಂದಿವೆ, ಆದರೆ ನಮ್ಮ ಕಡೆಯ ‘ಹೊಂಟೇನಿ’, ‘ಬರಾಕತ್ತಾರ’ ಅವುಗಳ ಬಾಯಿಗೆ ಸಿಕ್ಕರೆ ಏನೇನೋ ಆಗುತ್ತದೆ. ಒಂದೊಂದು ಸಾಲನ್ನೂ ಕಣ್ಣಾರೆ ಓದಿಯೇ ಬಿಡಿ.

ಗಿರಾಕಿಗಳು ಹೂ ಬಿಚ್ಚೋ ಟ್ರಾನ್ಸಿಶನ್ನ ಕೇಳ್ತಾರ್ರಿ!

ಕೇಳಿದರೆ ಹಾಕಿ, ಅವರು ದುಡ್ಡು ಕೊಡುವವರು. ಆಲ್ಬಮ್ ಹಾಡಿನಲ್ಲಿ ಹಾಕಿ ಕೈ ತೊಳೆದುಕೊಳ್ಳಿ. ತಾಳಿ ಕಟ್ಟುವ ಹೊತ್ತಿನಲ್ಲಿ ಮಾತ್ರ ಸಾದಾ ಕಟ್ ಇರಲಿ. ಆ ಒಂದು ನಿಮಿಷ ಅವರು ನೋಡುವುದು ಮಗಳ ಮುಖವನ್ನು, ನಿಮ್ಮ ಹೂವನ್ನಲ್ಲ.

ಕಲರ್ ಗ್ರೇಡಿಂಗ್ ಯಾವಾಗ ಕಲೀಬೇಕು?

ಕಲರ್ ಕರೆಕ್ಷನ್ ಬಂದ ಮೇಲೆ. ಮೊದಲು ಎಲ್ಲ ಶಾಟುಗಳ ಬೆಳಕು, ಬಿಳುಪು ಒಂದಕ್ಕೊಂದು ಹೊಂದಬೇಕು, ಬಣ್ಣದ ಮೂಡು ಆಮೇಲೆ. ಅರಿಶಿಣ ಹಚ್ಚಿದ ಮುಖದ ಮೇಲೆ ನೇರಳೆ ಎಲ್.ಇ.ಡಿ. ಬಿದ್ದಾಗ ಕಣ್ಣು ಮೋಸ ಹೋಗುತ್ತದೆ, ಬಣ್ಣ, ಬೆಳಕನ್ನು ಅಳೆದು ತೋರಿಸುವ ಸ್ಕೋಪ್ ಮೋಸ ಹೋಗುವುದಿಲ್ಲ. ವೆಕ್ಟರ್‌ಸ್ಕೋಪಿನಲ್ಲಿ ಚರ್ಮದ ಬಣ್ಣಕ್ಕೆ ಒಂದು ಗೆರೆ ಇದೆ, ಕಪ್ಪು ಬಿಳುಪು ಯಾವ ಮೈಬಣ್ಣವಾದರೂ ಆ ಗೆರೆಯ ಅಕ್ಕಪಕ್ಕವೇ ಬೀಳುತ್ತದೆ. ಬೆಳ್ಳಗೆ ಮಾಡಿಕೊಡಿ ಅಂತ ಕೇಳುವ ಬೀಗರಿಗೆ ಇದನ್ನು ಹೇಗೆ ತಿಳಿಸುವುದು ಅನ್ನುವುದಕ್ಕೆ ನಮ್ಮ ಹತ್ತಿರವೂ ಮದ್ದಿಲ್ಲ.

ಮದುವಿ ವಿಡಿಯೊಕ್ಕ ಸಿನಿಮಾ ಹಾಡು ಹಾಕಿದ್ರ ಏನಾಗ್ತದ?

ಮದುವೆಯಲ್ಲಿ, ಮೆರವಣಿಗೆಯಲ್ಲಿ ಹಾಡು ನುಡಿಸುವುದಕ್ಕೆ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಂನಲ್ಲಿ ವಿನಾಯಿತಿ ಇದೆ. ಅದು ಆ ಸಮಾರಂಭಕ್ಕೆ. ಅದೇ ಹಾಡನ್ನು ನಿಮ್ಮ ವಿಡಿಯೊಕ್ಕೆ ಕೂಡಿಸಿ ಯೂಟ್ಯೂಬಿಗೆ ಹಾಕುವುದು ಬೇರೆ ಮಾತು. ಹಾಡಿನ ಒಡೆಯರಿಗೆ ಕೂಡಲೇ ಗೊತ್ತಾಗುತ್ತದೆ, ವಿಡಿಯೊ ಮೌನವಾಗಬಹುದು, ತೆಗೆದೇ ಹಾಕಬಹುದು, ಜಾಹೀರಾತಿನ ದುಡ್ಡು ಅವರಿಗೆ ಹೋಗಬಹುದು. ಹತ್ತು ಸೆಕೆಂಡ್ ಹಾಕಿದರೆ ನಡೆಯುತ್ತದೆ ಅನ್ನುವುದು ಕಟ್ಟುಕಥೆ. ಯೂಟ್ಯೂಬಿನ ಆಡಿಯೊ ಲೈಬ್ರರಿಯಲ್ಲಿ ಉಚಿತ ಸಂಗೀತ ಇದೆ. ಅದಕ್ಕಿಂತ ಒಳ್ಳೆಯದು, ಮದುವೆಯಲ್ಲೇ ಮುತ್ತೈದೆಯರು ಹಾಡುವ ಸೋಬಾನೆ ಪದಗಳನ್ನು ಚೊಕ್ಕಾಗಿ ರೆಕಾರ್ಡ್ ಮಾಡಿಕೊಳ್ಳಿ. ಹಾಡಿದವರನ್ನು ಒಂದು ಮಾತು ಕೇಳಿ ಹಾಕಿ. ಬೇರೆ ಯಾವ ಸ್ಟುಡಿಯೊದವರ ವಿಡಿಯೊದಲ್ಲೂ ಅದು ಇರುವುದಿಲ್ಲ.

ಎಕ್ಸ್‌ಪೋರ್ಟ್ ಸೆಟ್ಟಿಂಗ್ ಒಂದ್ಸಲ ಹೇಳಿಬಿಡ್ರಿ.

ಯೂಟ್ಯೂಬಿಗೆ: ಎಂ.ಪಿ.4, ಎಚ್.264, 1920x1080, ಟೈಮ್‌ಲೈನಿನದೇ ಫ್ರೇಮ್ ರೇಟ್. 25 ಅಥವಾ 30 ಫ್ರೇಮಿಗೆ ಯೂಟ್ಯೂಬ್ ಹೇಳುವುದು ಸೆಕೆಂಡಿಗೆ 8 ಮೆಗಾಬಿಟ್, 50-60 ಫ್ರೇಮಿಗೆ 12. ಸ್ವಲ್ಪ ಹೆಚ್ಚೇ ಇಟ್ಟರೆ ನಷ್ಟವಿಲ್ಲ. 25-30 ಫ್ರೇಮಿನ 4ಕೆ ಆದರೆ 35ರಿಂದ 45. ವಾಟ್ಸ್ಆ್ಯಪಿನಲ್ಲಿ ವಿಡಿಯೊ ಆಗಿ ಕಳಿಸಿದರೆ ಅದು ಹಿಂಡಿ ಹಿಪ್ಪೆ ಮಾಡುತ್ತದೆ, ‘ಡಾಕ್ಯುಮೆಂಟ್’ ಆಗಿ ಕಳಿಸಿ. 2 ಜಿ.ಬಿ. ತನಕ ಹೋಗುತ್ತದೆ.

ಎಕ್ಸ್‌ಪೋರ್ಟ್ ಆದ ಮೇಲೆ ಮೊದಲಿನಿಂದ ಕೊನೆವರೆಗೆ ಒಮ್ಮೆ ನೋಡಿ. ಓಡಿಸಿ ಓಡಿಸಿ ನೋಡುವುದಲ್ಲ, ಪೂರ್ತಿ. ಕರಿ ಫ್ರೇಮು, ಹೆಸರಿನ ತಪ್ಪು, ಒಂದೇ ಕಿವಿಯಲ್ಲಿ ಬರುವ ಆಡಿಯೊ, ಎಲ್ಲ ಆಗಲೇ ಸಿಗುವುದು. ಬೀಗರ ಹೆಸರಿನ ಕಾಗುಣಿತ ಆಮಂತ್ರಣ ಪತ್ರಿಕೆ ಕೈಯಲ್ಲಿ ಹಿಡಿದುಕೊಂಡೇ ತಾಳೆ ನೋಡಿ.

ಕರೆಂಟ್ ಹೋಗಿ ಕೆಲಸ ಎಲ್ಲಾ ಹೋತು!

ಆಟೋಸೇವ್ ಐದು ನಿಮಿಷಕ್ಕೆ ಇಡಿ, ಅದೂ ಬೇರೆ ಡ್ರೈವಿಗೆ. ಡೆಸ್ಕ್‌ಟಾಪ್ ಇದ್ದವರು ಯು.ಪಿ.ಎಸ್. ಇಲ್ಲದೆ ಬೇಸಿಗೆಯಲ್ಲಿ ಎಕ್ಸ್‌ಪೋರ್ಟಿಗೆ ಕೂರಬೇಡಿ.

ಇದರಾಗ ಹೊಟ್ಟಿ ತುಂಬ್ತೈತೇನ್ರಿ?

ಸೀಸನ್ನಿನಲ್ಲಿ ತುಂಬುತ್ತದೆ, ಮುಹೂರ್ತ ಇಲ್ಲದ ತಿಂಗಳಲ್ಲಿ ಕಷ್ಟ. ಹಾಗಾಗಿ ಮದುವೆಯೊಂದನ್ನೇ ನಂಬಬೇಡಿ. ಶಾಲೆಗಳ ವಾರ್ಷಿಕೋತ್ಸವ, ಕೋಚಿಂಗ್ ಕ್ಲಾಸಿನ ಪಾಠಗಳು, ಇಳಕಲ್ ಸೀರೆ ಅಂಗಡಿಗಳ ಜಾಹೀರಾತು, ಪಾರಿಜಾತ ಮೇಳಗಳ ರೆಕಾರ್ಡಿಂಗ್, ಜಾತ್ರೆ, ಎಲ್ಲದಕ್ಕೂ ಎಡಿಟರ್ ಬೇಕು. ನಿಮಿಷಕ್ಕಿಷ್ಟು ಅಂತ ರೇಟ್ ಹೇಳಬೇಡಿ. ಒಂದು ನಿಮಿಷದ ಹಿಂದೆ ಎಷ್ಟು ಗಂಟೆಯ ಫೂಟೇಜ್ ಇದೆ ಅನ್ನುವುದರ ಮೇಲೆ ಹೇಳಿ. ಎಷ್ಟು ಸಲ ತಿದ್ದಿಕೊಡುತ್ತೀರಿ ಅನ್ನುವುದೂ ಮೊದಲೇ ಮಾತಾಗಲಿ. ಇಲ್ಲದಿದ್ದರೆ ಸೋದರಮಾವನ ಶಾಟ್ ಒಂದು ಬಿಟ್ಟುಹೋಗಿದೆ ಅಂತ ಮುಂದಿನ ದೀಪಾವಳಿ ತನಕ ಫೋನ್ ಬರುತ್ತಲೇ ಇರುತ್ತದೆ.

ಗಿರಾಕಿ ಫೂಟೇಜ್ ಎಷ್ಟು ದಿನ ಇಟ್ಕೋಬೇಕ್ರಿ?

ಕೆಲಸ ನಡೆಯುವಾಗ ಮೂರು ಕಾಪಿ ಇರಲಿ: ಕೆಲಸದ ಡ್ರೈವಿನಲ್ಲೊಂದು, ಬೇರೆ ಹಾರ್ಡ್ ಡಿಸ್ಕಿನಲ್ಲೊಂದು, ಬೇರೆ ಮನೆಯಲ್ಲೊಂದು. ಎರಡು ಕಾಪಿ ಆಗಿ, ತೆರೆದು ನೋಡುವ ತನಕ ಮೆಮೊರಿ ಕಾರ್ಡ್ ಫಾರ್ಮ್ಯಾಟ್ ಮಾಡಬೇಡಿ. ಫೋಲ್ಡರಿಗೆ ತಾರೀಖು, ಊರು, ಮನೆತನದ ಹೆಸರು ಹಾಕಿ. ‘ನ್ಯೂ ಫೋಲ್ಡರ್ 7’ ಬೇಡ. ವಿಡಿಯೊ ಒಪ್ಪಿಸಿದ ಮೇಲೆ ಎಷ್ಟು ತಿಂಗಳು ಇಡುತ್ತೀರಿ ಅನ್ನುವುದನ್ನು ಅಡ್ವಾನ್ಸ್ ತೆಗೆದುಕೊಳ್ಳುವಾಗಲೇ ರಸೀದಿಯ ಮೇಲೆ ಬರೆದುಕೊಡಿ. ಆ ಅವಧಿ ಮುಗಿಯುವ ಮೊದಲು ಒಂದು ಫೋನ್ ಮಾಡಿ, ಅವರೇ ಹಾರ್ಡ್ ಡಿಸ್ಕ್ ತಂದರೆ ಹಾಕಿಕೊಡಿ, ತರದಿದ್ದರೆ ಅಳಿಸಿ.